ವೈರ್‌ಲೆಸ್ ತಾತನ ಅರ್ಜಿ

ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡಬೇಡಿ, ಕೈಕಾಲು ಗಟ್ಟಿಯಿರುವಾಗಲೇ ಆರೈಕೆ ಮನೆಗೆ ಅರ್ಜಿ ಹಾಕಿ ಎಂದು ನಿವೃತ್ತ ಸೈನಿಕರ ಮನೆಮನೆಗೆ ಹೋಗಿ ಹೇಳುವುದೇ ಸೈನಿಕ ಕಲ್ಯಾಣ ಕಚೇರಿಯ ಗುಮಾಸ್ತನ ಕೆಲಸ. ಹನ್ನೆರಡು ವರ್ಷದಿಂದ ಹೇಳುತ್ತಿದ್ದ. ನೋಡೋಣ ಬಿಡಪ್ಪ ಎಂದು ಮುದುಕರು ನಗುತ್ತಿದ್ದರು. ಅತ್ತ ಸೈನಿಕರ ಆರೈಕೆ ಮನೆಯಲ್ಲಿ ಹಾಸಿಗೆಗಳು ಖಾಲಿ. ಇತ್ತ ಅವನ ಮನೆಯಲ್ಲಿ, ಜೀವಮಾನವಿಡೀ ಸೈನಿಕರ ಸಮವಸ್ತ್ರ ಹೊಲಿದ ಅಪ್ಪ ಸ್ವಂತ ಹೆಸರನ್ನೂ ಮರೆತು ಮಲಗಿದ್ದ. ಅವನನ್ನು ಎತ್ತಿ ಇಳಿಸಿ ಗುಮಾಸ್ತನ ಹೆಂಡತಿಯ ಸೊಂಟ ಬಿದ್ದುಹೋಗಿತ್ತು. ತೊಟ್ಟವನಿಗೆ ಹಾಸಿಗೆ ಬೇಡ, ಹೊಲಿದವನಿಗೆ ಇಲ್ಲ. ಇದು ಅವನಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು.

ಆರಿಸಿಕೊಂಡದ್ದು ವೈರ್‌ಲೆಸ್ ತಾತನನ್ನು. ಸೈನ್ಯದಲ್ಲಿ ವೈರ್‌ಲೆಸ್ ನೋಡಿಕೊಂಡಿದ್ದ ಒಂಟಿ ಮುದುಕ, ಅಪ್ಪನದೇ ವಯಸ್ಸು, ಹಿಂದಿನ ಬೀದಿಯ ಮೂರನೇ ಮಹಡಿ. ಹೆಂಡತಿ ಮಕ್ಕಳಿಲ್ಲ. ಅರ್ಜಿಯ ಮಾತೆತ್ತಿದರೆ ಚಹಾ ಕೊಟ್ಟು ಮಾತು ಮರೆಸುತ್ತಿದ್ದ. ಅವನ ಸೇವಾಪತ್ರದ ಪ್ರತಿ ಕಚೇರಿಯ ಕಡತದಲ್ಲೇ ಇತ್ತು. ಗುಮಾಸ್ತ ತಾತನ ಹೆಸರಲ್ಲಿ ಅರ್ಜಿ ತುಂಬಿ, ಅಪ್ಪನ ಫೋಟೊ ಅಂಟಿಸಿ, ಸಾಹೇಬರು ಊಟದ ಮೇಲೆ ತೂಕಡಿಸುತ್ತ ಸಹಿ ಹಾಕುವ ಕಟ್ಟಿನ ನಡುವೆ ಸೇರಿಸಿದ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಮುಂದೆಂದಾದರೂ ತಾತನೇ ಅರ್ಜಿ ಹಾಕಿದರೆ ಅದು ಬರುವುದು ತನ್ನ ಮೇಜಿಗೆ ತಾನೆ? ಡ್ರಾಯರಿನ ತಳ ಸೇರಿಸಿದರಾಯಿತು.

ಅಪ್ಪ ಆರೈಕೆ ಮನೆ ಸೇರಿದ ಮೊದಲ ಭಾನುವಾರ ನೋಡಲು ಹೋದಾಗ ನರ್ಸು ಅಪ್ಪನನ್ನು ತಾತನ ಹೆಸರಿನಿಂದ ಕರೆದಳು. ಸ್ವಂತ ಹೆಸರಿಗೆ ಓಗೊಡದ ಅಪ್ಪ ಆ ಹೆಸರಿಗೆ ಹೂಂ ಅಂದ. ಗುಮಾಸ್ತನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಮನೆಗೆ ಬಂದರೆ ಹೆಂಡತಿ ಎರಡು ವರ್ಷದ ಮೇಲೆ ನೆಟ್ಟಗೆ ನಿಂತಿದ್ದಳು. ಅಪ್ಪನನ್ನು ಅಲ್ಲೇ ಇರಗೊಟ್ಟ. ಹಿಂದಿನ ಬೀದಿಯಲ್ಲಿ ಓಡಾಡುವುದನ್ನು ಮಾತ್ರ ಬಿಟ್ಟ.

ತಿಂಗಳ ಮೇಲೆ ಸಾಹೇಬರು ಕರೆದರು. ಎದುರಿನ ಕುರ್ಚಿಯಲ್ಲಿ ಇಸ್ತ್ರಿ ಅಂಗಿ ತೊಟ್ಟ ವೈರ್‌ಲೆಸ್ ತಾತ. ತನ್ನ ಹೆಸರಲ್ಲಿ ಆಗಲೇ ಹಾಸಿಗೆ ಕೊಟ್ಟಾಗಿದೆಯಂತೆ, ತಪ್ಪು ತನ್ನದೇ ಇರಬೇಕು ಎಂದು ಪೆಚ್ಚಾಗಿ ನಕ್ಕ. ಗುಮಾಸ್ತನ ಬಳಿ ಉತ್ತರ ಸಿದ್ಧವಿತ್ತು: ಒಂದೇ ಹೆಸರಿನ ಇಬ್ಬರು, ಕಡತ ಅದಲುಬದಲು. ಅಪ್ಪನ ಮುಖ ಈ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ.

"ನೂರು ಸಲ ಹೇಳ್ದೆಯಲ್ಲಪ್ಪ, ಕೊನೆಗೂ ನಾನೇ ಅರ್ಜಿ ಹಾಕ್ಬಿಟ್ಟೆ," ಅಂದ ತಾತ. "ಒಬ್ನೇ ಹೋಗಿ ಅಲ್ಲೇನು ಮಾಡ್ಲಿ? ಅದಕ್ಕೇ ನಿಮ್ಮಪ್ಪನ್ನೂ ಜೊತೆಗೆ ಹಾಕ್ಕೊಂಡೆ. ಆ ಹೆಣ್ಮಗಳ ಸೊಂಟಾನೂ ಸುಧಾರಿಸ್ಲಿ. ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ. ಎರಡು ತಿಂಗಳ ಹಿಂದೇನೇ ಅವಳ ಹತ್ರ ಫೋಟೊ ಇಸ್ಕೊಂಡಿದ್ದೆ."

ಸಾಹೇಬರು ತಾತನ ಅರ್ಜಿಯ ಹಾಳೆ ಮಗುಚಿದರು. ಕುಟುಂಬವಿಲ್ಲದ ಸೈನಿಕ ತನಗೆ ಬೇಕಾದ ಒಬ್ಬರನ್ನು ಜೊತೆಗೆ ಕರೆತರಬಹುದು, ಅಂಥ ಅರ್ಜಿಯನ್ನು ನೇರ ಸಾಹೇಬರ ಕೈಗೇ ಕೊಡಬೇಕು ಎಂದು ಹಿಂಬದಿಯಲ್ಲಿ ಅಚ್ಚಾಗಿತ್ತು. ಹನ್ನೆರಡು ವರ್ಷ, ಅದು ನಿಮಗಲ್ಲ ಎಂದು ಎಲ್ಲರ ಕೈಯಲ್ಲೂ ಅದರ ಮೇಲೆ ಗೀಟು ಎಳೆಸಿದ್ದ ಗುಮಾಸ್ತ ಒಮ್ಮೆಯೂ ಅದನ್ನು ಓದಿರಲಿಲ್ಲ. ಕೆಳಗೆ ಅಪ್ಪನ ಹೆಸರು, ಅದರ ಪಕ್ಕ ಫೋಟೊ. ಮೇಜಿನ ಮೇಲಿದ್ದ, ಗುಮಾಸ್ತ ತಾತನ ಹೆಸರಲ್ಲಿ ತುಂಬಿದ್ದ ಇನ್ನೊಂದು ಅರ್ಜಿಗೂ ಅಂಟಿಸಿದ್ದು ಅದೇ ಫೋಟೊ.