ಫೋಮಿನ ಮೇಲೊಂದು ಬಿಳಿ ಕತ್ತರಿ

"ಇದು ಒಸಾ ಫೋಮಾ? ಯಾವ್ದೋ ಅಳೇ ಸೀಟಿಂದ ಕಿತ್ತಿದ್ದು! ನೋಡಮ್ಮ ರಾಜಾತಿ, ಎಂಗೆ ಅಳದಿ ಆಗೈತೆ!"

ಲಾರಿ ಓನರ್ ವೆಂಕಟಾಚಲಂ ಗೋಡೆಗೆ ಒರಗಿಸಿದ್ದ ಪಾಲಿಯುರಿಥೇನ್ ಫೋಮಿನ ಅಂಚನ್ನು ತಿವಿದು ತೋರಿಸಿದರು. ತಮಿಳುನಾಡಿನ ಶಂಕಗಿರಿಯ ಆ ಬೀದಿಯಲ್ಲಿ ಲಾರಿ ಸೀಟು ಹೊಲಿಯುವ ಅಂಗಡಿ ನಾಲ್ಕಿವೆ. ರಾಜಾತಿಯಷ್ಟು ಅಚ್ಚುಕಟ್ಟಾಗಿ ಹೊಲಿಯುವವರು ಬೇರೆ ಯಾರಿದ್ದಾರೆ ಹೇಳಿ!

"ಒಸದೇ ಅಣ್ಣಾ. ಓದ ವಾರ ಸೇಲಂನಿಂದ ಬಂತು..."

"ಪೊಯ್ ಏಳ್ಬೇಡ, ಸುಳ್ಳಿಗೂ ಒಂದು ಮಿತಿ ಐತೆ! ಈ ಅಂಗಡಿ ಕಡೆ ತಲೆ ಆಕ್ಬೇಡಿ ಅಂತ ಎಲ್ಲಾ ಡ್ರೈವರ್‌ಗೂ ಏಳ್ತೀನಿ."

ರಾಜಾತಿಯ ಮುಖ ಸಣ್ಣದಾಯಿತು. ಐದನೇ ಕ್ಲಾಸಿನ ಮಗಳು ಸುಗನ್ಯಾಗೆ ಮೈಯೆಲ್ಲ ಉರಿಯಿತು. ಅಮ್ಮನ ಮುಂದೆ ಬಂದು ನಿಂತೇಬಿಟ್ಟಳು.

"ನಮ್ಮಮ್ಮ ಪೊಯ್ ಏಳಲ್ಲ ಮಾಮಾ!"

"ಅಂಗಾದ್ರೆ ಪ್ರೂಫ್ ತೋರ್ಸು."

ಪ್ರೂಫ್ ಇತ್ತು. ತೊಂದರೆ ಇದ್ದದ್ದೇ ಅಲ್ಲಿ.

ಕಳೆದ ಭಾನುವಾರ ರಾಶಿಯಿಂದ ಈ ಫೋಮನ್ನು ಎಳೆದು, ತಾರಸಿ ಮೇಲೆ ಹಾಸಿಕೊಂಡು ಸ್ಕೂಲ್ ಪ್ರಾಜೆಕ್ಟಿಗೆ ಚಾರ್ಟ್ ಕತ್ತರಿಸಿದ್ದವಳು ಸುಗನ್ಯಾ. ಅದೂ ಅಮ್ಮನ ಕತ್ತರಿಯಲ್ಲಿ! ಕಾಗದ ಕತ್ತರಿಸಿದರೆ ಮೊಂಡಾಗುತ್ತದೆ ಎಂದು ಅಮ್ಮ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಫೋಮು, ಕತ್ತರಿ ಎರಡನ್ನೂ ಬಿಸಿಲಲ್ಲೇ ಬಿಟ್ಟು ಬಂದಿದ್ದಳು. ಅಮ್ಮ ಕತ್ತರಿಗಾಗಿ ಹುಡುಕಿ ಹುಡುಕಿ ಸಾಕಾದಾಗ, ಬೈಗುಳಕ್ಕೆ ಹೆದರಿ "ನಂಗೊತ್ತಿಲ್ಲ" ಎಂದಿದ್ದಳು. ನಿನ್ನೆ ಅಮ್ಮ ರೇಷನ್ ಅಂಗಡಿಗೆ ಹೋದಾಗ ಎರಡನ್ನೂ ಕೆಳಗೆ ತಂದು, ಕತ್ತರಿಯನ್ನು ಪೆಟ್ಟಿಗೆಗೆ ಹಾಕಿ, ಫೋಮಿನ ಹಳದಿ ಮುಖವನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದಳು.

ಸುಗನ್ಯಾ ಫೋಮಿನ ಹತ್ತಿರ ಹೋದಳು. ಫೋಮನ್ನು ಸರ್ರನೆ ತಿರುಗಿಸಿ ನೆಲಕ್ಕೆ ಹಾಕಿದಳು.

ಹಳದಿಯ ನಡುವೆ ಬೆಳ್ಳಗೆ ಒಂದು ಕತ್ತರಿಯ ಗುರುತು! ಒಂದು ತುದಿ ಮುರಿದಿತ್ತು. ಅವಳು ಅಮ್ಮನ ತುದಿ ಮುರಿದ ಕತ್ತರಿಯನ್ನು ತಂದು ಅದರ ಮೇಲಿಟ್ಟಳು. ಸರಿಯಾಗಿ ಕೂತಿತು.

"ಬಿಸ್ಲು ಬಿದ್ದಿರೋ ಕಡೆ ಮಾತ್ರ ಅಳದಿ ಮಾಮಾ. ಕತ್ತರಿ ಅಡೀಗೆ ಬಿಸ್ಲು ಬಿದ್ದಿಲ್ಲ. ಆರೇ ದಿನಕ್ಕೆ ಇಂಗಾಗೈತೆ. ಬಿಸ್ಲಲ್ಲಿ ಬಿಟ್ಟಿದ್ದು ನಾನು. ಪೊಯ್ ಏಳಿದ್ದೂ ನಾನೇ. ನಮ್ಮಮ್ಮ ಅಲ್ಲ!"

ವೆಂಕಟಾಚಲಂ ಬಗ್ಗಿ ನೋಡಿದರು. "ಅಯ್ಯಯ್ಯೋ, ಕತ್ತರಿ ಫೋಟೋ ಇಡ್ದಂಗೈತಲ್ಲಾ!"

"ಅಮ್ಮಂಗೆ ಸಾರಿ ಏಳಿ ಮಾಮಾ."

ಅವರು ಮೀಸೆ ಕೆರೆದುಕೊಂಡರು. "ತಪ್ಪಾಯ್ತು ತಾಯಿ. ಬೇರೆ ಫೋಮ್ ಆಕಿ ಒಲಿ. ಸಾಯಂಕಾಲ ಬತ್ತೀನಿ."

ಅವರು ಹೋದರು. ಅಂಗಡಿಯಲ್ಲಿ ಉಳಿದವರು ಇಬ್ಬರೇ. ಅಮ್ಮ ಮಗಳನ್ನೇ ನೋಡುತ್ತಿದ್ದಳು. ಮಾಮನ ಮುಂದೆ ಎತ್ತಿದ್ದ ಸುಗನ್ಯಾಳ ತಲೆ ಈಗ ತಾನಾಗಿ ಬಗ್ಗಿತು.

"ಸಾರಿಮ್ಮ," ಎಂದಳು ಸುಗನ್ಯಾ.

ಅಮ್ಮ ಕತ್ತರಿಯ ಬಾಯಿಗೆ ಬೆರಳು ತಾಗಿಸಿದಳು. "ಮೊಂಡಾಗೈತೆ. ನಡಿ, ಸಾಣೆ ಇಡಿಸ್ಕೊಂಡು ಬರಾನ."

ಸುಗನ್ಯಾ ಕತ್ತರಿಯನ್ನು ತಾನೇ ಕೈಗೆ ತೆಗೆದುಕೊಂಡಳು. ಈ ಸಲ ಬಚ್ಚಿಡಲಿಲ್ಲ. ಬೀದಿಯವರಿಗೆಲ್ಲ ಕಾಣುವ ಹಾಗೆ ಹಿಡಿದುಕೊಂಡು ಅಮ್ಮನ ಪಕ್ಕದಲ್ಲೇ ನಡೆದಳು.