ನಾಲ್ಕಡಿ ದೂರ

ನನ್ನ ಫೋಟೋ ಮಸುಕಾಗಿ ಬಂದದ್ದು ಅದು ಎರಡನೇ ಸಲ. ಹ್ಯಾಂಡ್‌ಪೋಸ್ಟ್ ಪೇಟೆಯ ಸ್ಟುಡಿಯೋದಲ್ಲಿ ಪ್ರಿಂಟುಗಳನ್ನು ತಿರುವಿ ನೋಡಿದೆ. ಅಂಗನವಾಡಿ ಮಕ್ಕಳು, ಚಾಮಯ್ಯನ ಎತ್ತು, ಎಲ್ಲ ಚೆನ್ನಾಗಿದ್ದವು. ನಾನೊಬ್ಬ ಮಾತ್ರ ಒಲೆ ಹೊಗೆಯಲ್ಲಿ ನಿಂತವನ ಹಾಗಿದ್ದೆ.

ಕೆ.ಆರ್. ನಗರದ ಹೆಣ್ಣಿನ ಮನೆಯವರು ಫೋಟೋ ಕೇಳಿದ್ದರು. ಇನ್ನೊಂದು ಸಲ ಕೆಟ್ಟರೆ ಅವ್ವ ನನ್ನನ್ನು ಸ್ಟುಡಿಯೋಗೇ ಎಳೆದು ತರುವವಳಿದ್ದಳು. ಮೊದಲೇ ಇಲ್ಲಿ ತೆಗೆಸಬಹುದಿತ್ತು, ನಿಜ. ಆದರೆ ಅಂಗನವಾಡಿ ಟೀಚರ್ ಬೃಂದಾ ತನ್ನ ಕ್ಯಾಮೆರಾ ಹಿಡಿದು ಒಂದು ಕಣ್ಣು ಮುಚ್ಚಿ ನನ್ನನ್ನೇ ನೋಡುವ ಭಾಗ್ಯ ಸ್ಟುಡಿಯೋದಲ್ಲಿ ಎಲ್ಲಿ ಸಿಗಬೇಕು? ಊರಿನವರನ್ನೆಲ್ಲ ಅಣ್ಣ ಅನ್ನುವವಳು ನನ್ನನ್ನು ಮಾತ್ರ ಬರೀ 'ರೀ' ಅನ್ನುತ್ತಿದ್ದಳು.

"ಟೀಚರಮ್ಮನ ಕ್ಯಾಮೆರಾ ಕೆಟ್ಟೋಗದಾ?" ಎಂದು ಸ್ಟುಡಿಯೋ ಮಂಚಯ್ಯನನ್ನು ಕೇಳಿದೆ.

"ಕೆಟ್ಟಿಲ್ಲ ಕಣಪ್ಪ. ಅಗ್ಗದ ಮಾಲು, ಫೋಕಸ್ ತಿರುಗ್ಸಂಗಿಲ್ಲ. ನಾಲ್ಕಡಿ ದೂರದಿಂದ ಹೊಡೆದ್ರೆ ಸರಿ. ಅತ್ರ ಬಂದ್ರೆ ಇಂಗೇಯ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಬೇರೆಯವರನ್ನೆಲ್ಲ "ಇನ್ನೂ ಇಂದಕ್ಕೋಗಿ" ಎಂದು ಗೋಡೆಗೆ ಒರಗಿಸುವವಳು ಅವಳೇ ಅಲ್ಲವೇ?

ಅಂಗನವಾಡಿ ಮಕ್ಕಳು ಮನೆಗೆ ಹೋದ ಮೇಲೆ ಕೇಳಿಯೇಬಿಟ್ಟೆ. "ಟೀಚರ್, ನನ್ನತ್ರಕ್ಕೆ ಮಾತ್ರ ಯಾಕ್ ಅಷ್ಟು ಬಂದ್ರಿ?"

ಅವಳು ಅಂಗೈಯಗಲದ ಆ ಕಪ್ಪು ಪ್ಲಾಸ್ಟಿಕ್ ಕ್ಯಾಮೆರಾವನ್ನೇ ನೋಡುತ್ತಾ ನಿಂತಳು. ರೀಲು ತಿರುಗಿಸುವ ಚಕ್ರವನ್ನು ಹೆಬ್ಬೆರಳು ಸುಮ್ಮನೆ ಸವರುತ್ತಿತ್ತು. ಕಿವಿ ಕೆಂಪಾಗಿತ್ತು.

"ಚೆನ್ನಾಗ್ ಬಂದಿದ್ರೆ ನಿಮ್ಮವ್ವ ಕೆ.ಆರ್. ನಗರಕ್ಕೆ ಕಳಿಸ್ಬುಡೋರು," ಅಂದಳು.

ಆ ಖುಷಿಯಲ್ಲೇ ಅವಳ ಕೈಯಿಂದ ಕ್ಯಾಮೆರಾ ಇಸಿದುಕೊಂಡೆ, ಅವಳ ಪಕ್ಕ ನಿಂತೆ, ತೋಳು ಚಾಚಿ ಅದನ್ನು ನಮ್ಮ ಕಡೆಗೇ ತಿರುಗಿಸಿದೆ.

"ಇಷ್ಟ್ ಅತ್ರ ಮಸುಕಾಯ್ತದೆ ಕಣ್ರೀ."

"ಆಗ್ಲಿ ಬುಡಿ. ಪಕ್ಕದಲ್ಲಿ ಯಾರವ್ರೆ ಅಂತ ಅವ್ವಂಗೆ ಗೊತ್ತಾದ್ರೆ ಸಾಕು."

ಅವಳು ಸೆರಗು ಸರಿಮಾಡಿಕೊಂಡು ಇನ್ನೊಂದಿಷ್ಟು ಹತ್ತಿರ ಸರಿದಳು. ನಾನು ಗುಂಡಿ ಒತ್ತಿದೆ.

ಪ್ರಿಂಟು ಬಂದ ದಿನ ನೇರವಾಗಿ ಅವ್ವನ ಕೈಗೆ ಕೊಟ್ಟೆ. ಮೂಗೆಲ್ಲಿ, ಬಾಯೆಲ್ಲಿ ಎಂದು ಹುಡುಕಬೇಕಾದ ಫೋಟೋ ಅದು. ಅವ್ವ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಟೀಚರಮ್ಮ ಚೆಂದಾಗ್ ಬಂದವ್ಳೆ ಬುಡು," ಅಂದಳು.