ಬಾಗಿಲು ಬಿಡಿ

ಗೋಡೆ ಸೊಂಟದೆತ್ತರಕ್ಕೆ ಬಂದಾಗ ಅವಳಿಗೆ ಹೊಳೆಯಿತು: ಈ ಕೋಣೆಗೆ ಬಾಗಿಲೇ ಇಲ್ಲ. ಬಿರುಕು ನೋಡಲೆಂದು ಒಳಗೆ ನಿಂತವಳು ಅಲ್ಲೇ ಸಿಕ್ಕಿಬಿದ್ದಿದ್ದಳು. ದಾಟಲು ಹೋದರೆ ಹಸಿ ಗೋಡೆ ಕುಸಿಯುತ್ತದೆ.

"ರೀ ಅಳತೆರಾಯರೇ!" ಪದರದ ಮೇಲೆ ಪದರ ಸುರಿದು ಗೋಡೆ ಎಬ್ಬಿಸುವ ಕಾಂಕ್ರೀಟ್ ಪ್ರಿಂಟರ್ ನಡೆಸುವವನಿಗೆ ಆ ಹೆಸರಿಟ್ಟವಳು ಅವಳೇ, ಟೀ ಲೋಟಕ್ಕೂ ಟೇಪ್ ಹಿಡಿಯುವ ಆಸಾಮಿ ಅವನು. "ಬಾಗಿಲು ಬಿಡಿ ಅಂತ ಚೀಟಿಲಿ ಬರೆದಿದ್ನಲ್ಲ?"

"ಅದಕ್ಕೇ ಬಿಟ್ಟೆ! ಡ್ರಾಯಿಂಗಿಂದ ತೆಗೆದೇಬಿಟ್ಟೆ."

ಬಾಗಿಲಿಗೆ ಜಾಗ ಬಿಡಿ ಎಂದು ಅವಳು ಬರೆದದ್ದು. ಬಾಗಿಲು ಬೇಡ ಎಂದು ಅವನು ಓದಿದ್ದು. ಅವನ ಪೆಚ್ಚು ಮೋರೆ ನೋಡಿ ಅವಳಿಗೆ ನಗು ಬಂತು, ಬೆನ್ನಿಗೇ ಅಳುವೂ ಬಂತು.

"ಇರಿ, ಮಷಿನ್ ನಿಲ್ಲಿಸ್ತೀನಿ."

"ಬೇಡ! ಕಲಸಿದ್ದೆಲ್ಲ ಪೈಪಲ್ಲೇ ಗಟ್ಟಿಯಾಗುತ್ತೆ. ಎಲ್ಲಾ ನೀರಲ್ಲಿ ಹೋಮ."

ಅಣ್ಣನ ಅಕ್ಕಿ ಗಿರಣಿಯ ಹಿಂದೆ ರಾಶಿ ಬಿದ್ದಿದ್ದ ಹೊಟ್ಟಿನ ಬೂದಿಯನ್ನು ಒಂದು ವರ್ಷ ಜರಡಿ ಹಿಡಿದು, ಕಾಲು ಭಾಗ ಸಿಮೆಂಟಿನ ಬದಲು ಬೆರೆಸಿ ಎಬ್ಬಿಸಿದ ಮೊದಲ ಗೋಡೆ ಇದು. ನಾಳೆ ಅಣ್ಣ ಬಂದು ಅವಳನ್ನು ಗಿರಣಿಯ ಆಫೀಸಿಗೆ, ಕಿಟಕಿಯೂ ಇಲ್ಲದ ಆ ಕೋಣೆಗೆ, ಲೆಕ್ಕ ಬರೆಯಲು ಕರೆದೊಯ್ಯುವವನಿದ್ದ. "ಬೂದಿ ಸಹವಾಸ ಬಿಡು" ಎಂದಿದ್ದ. ಅವಳು ಬಾಯಿ ಸತ್ತವಳಂತೆ "ಆಯ್ತಣ್ಣ" ಎಂದುಬಿಟ್ಟಿದ್ದಳು. ಅಂದಿನಿಂದ ಅವಳಿಗೆ ಉಸಿರು ಕಟ್ಟಿದಂತಿತ್ತು.

ಯಂತ್ರದ ಮೂತಿ ಸುತ್ತುತ್ತಲೇ ಇತ್ತು. ಗೋಡೆ ಎದೆಗೆ ಬಂತು, ಗಲ್ಲಕ್ಕೆ ಬಂದು ನಿಂತಿತು. ಎಲ್ಲೂ ಬಿರುಕಿಲ್ಲ. ಆಚೆ ಬದಿಯಲ್ಲಿ ಅವನ ಎರಡು ಕಣ್ಣು, ರೆಪ್ಪೆಯ ಮೇಲೆ ಬೂದಿ.

"ಗೆದ್ರಿ," ಎಂದ. "ಆದ್ರೂ ನಾಳೆ ಹೋಗ್ತೀರಾ?"

"ಇರಿ ಅಂತ ಯಾರಾದ್ರೂ ಹೇಳಿದ್ರೆ ತಾನೇ?"

ಅವನು ಟೇಪನ್ನು ಎಳೆದ, ಬಿಟ್ಟ, ಮತ್ತೆ ಎಳೆದ. "ಇರಿ. ನನಗೋಸ್ಕರ ಅಂದ್ರೆ ಜಾಸ್ತಿ ಆಗುತ್ತೇನೋ... ಆದ್ರೂ ಇರಿ. ವರ್ಷದಿಂದ ಇದನ್ನೇ ಹೇಳ್ಬೇಕು ಅಂತಿದ್ದೆ."

ಬೂದಿ ಮುಚ್ಚಿದ ಕೆಂಡ ಅಂದರೆ ಈ ಮಹಾನುಭಾವನೇ! ಅವಳಿಗೆ ಎಷ್ಟೋ ದಿನದ ಮೇಲೆ ಉಸಿರು ಸರಾಗವಾಯಿತು.

"ಬರಲ್ಲ ಅಂತ ಅಣ್ಣನಿಗೆ ನಾನೇ ಹೇಳ್ತೀನಿ. ಮೊದಲು ನನ್ನ ಬಿಡಿ."

"ಬಿಡಿ ಅಂದ್ರೆ? ಈ ಸಲ ಸರಿಯಾಗಿ ಹೇಳಿಬಿಡಿ."

"ಹೊರಗೆ ಬಿಡಿ ಮಾರಾಯ್ರೇ! ಕೈ ಬಿಡಿ ಅಂದ್ನಾ?"

ಅವನು ನಗುತ್ತಾ ಕರಣೆ ಎತ್ತಿಕೊಂಡ. "ಹಸಿ ಇರೋವಾಗ್ಲೇ ಕೊಯ್ಯಬೇಕು. ಬಾಗಿಲು ಎಷ್ಟು ಅಗಲ ಇರಲಿ?"

"ಇಬ್ಬರು ಜೊತೆಯಾಗಿ ದಾಟೋಷ್ಟು."

ಅಳತೆರಾಯರು ಟೇಪನ್ನು ಜೇಬಿಗೆ ಹಾಕಿ, ಕಣ್ಣಳತೆಯಲ್ಲೇ ಕೊಯ್ಯತೊಡಗಿದರು.